ಮುತ್ಯಾ ಆರಿಸಿದ ಡ್ರಮ್ಮು

ಕಮಲಾಪುರ ಇನ್ನೂ ತಾಲೂಕು ಆಗಿರದ ಕಾಲ ಅದು. ಬೀದರಿನ ಕಡೆ ಹೋಗುವ ಬಸ್ಸುಗಳು ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಮುಂದೆ ಎರಡು ನಿಮಿಷ ನಿಂತು ಹೋಗುತ್ತಿದ್ದವು. ನಮ್ಮ ಊರೆಂದರೆ ಅಷ್ಟೇ ಎಂದು ಹೊರಗಿನವರು ತಿಳಿದಿದ್ದರು. ಆಗ ನಮ್ಮ ಓಣಿಯಲ್ಲಿ ಮನೆಗೊಂದು ಕಟ್ಟುನಿಟ್ಟು ಇರುತ್ತಿತ್ತು. ಒಬ್ಬರ ಮನೆಯಲ್ಲಿ ಸಂಜೆ ಮಲಗುವಂತಿಲ್ಲ, ಇನ್ನೊಬ್ಬರ ಮನೆಯಲ್ಲಿ ಊಟದ ಮುಂದೆ ಮಾತಾಡುವಂತಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಬಡಿಯುವಂತಿರಲಿಲ್ಲ. ತಾಟಾಗಲಿ, ಕೊಡವಾಗಲಿ, ಕಿಟಕಿಯ ಬಾಗಿಲಾಗಲಿ, ಬೆರಳು ಎರಡು ಸಲ ತಾಳಕ್ಕೆ ಬಿದ್ದರೆ ಸಾಕು, ಒಳಗಿನಿಂದ ಮುತ್ಯಾನ ದನಿ ಬರುತ್ತಿತ್ತು. "ಏ ಗೌತಮಿ, ಕೈ ಸುಮ್ನ ಇಡು."

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಅಪ್ಪ ಅವ್ವ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರಿಂದ ನಾನು ಮುತ್ಯಾ ಮತ್ತು ಅಪ್ಪನ ಅವ್ವ ಆಯಿಯ ಹತ್ತಿರವೇ ಬೆಳೆದೆ. ಆಯಿ ಎಲ್ಲರನ್ನೂ ನಂಬುತ್ತಿದ್ದಳು, ಮುತ್ಯಾ ಯಾರನ್ನೂ ನಂಬುತ್ತಿರಲಿಲ್ಲ. ಹೀಗೆ ಮನೆ ಸರಿದೂಗಿ ನಡೆಯುತ್ತಿತ್ತು. ಹಾಲಿನವನು ಬಂದರೆ ಮುತ್ಯಾ ಬೆರಳು ಅದ್ದಿ, ಹನಿ ಉದುರುವುದನ್ನು ನೋಡುತ್ತಿದ್ದ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ, ಓದಲು ಬರದಿದ್ದರೂ ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗಿಟ್ಟು "ಏನ ಬರದಾನ, ಓದು" ಎನ್ನುತ್ತಿದ್ದ. ಡಾಕ್ಟರ ಗುಳಿಗೆಯನ್ನು ಮೊದಲ ದಿನ ಅರ್ಧವೇ ನುಂಗುತ್ತಿದ್ದ. ಮರುದಿನ ಬದುಕಿ ಎದ್ದರೆ ಉಳಿದರ್ಧ. ಯಾರಾದರೂ ನಕ್ಕು ಮಾತಾಡಿಸಿದರಂತೂ ಮುಗಿಯಿತು, "ನಕ್ಕೋತ ಬಂದಾನ, ಏನೋ ಅದ" ಎಂದು ಇಡೀ ದಿನ ಅದನ್ನೇ ಯೋಚಿಸುವನು. ಪರರ ಮನೆಯಲ್ಲಿ ಚಹಾ ಕೊಟ್ಟರೆ ಮೊದಲು ಕಪ್ಪನ್ನು ನೋಡುತ್ತಿದ್ದ, ಎಲ್ಲರಿಗೆ ಕೊಟ್ಟ ಕಪ್ಪೇ ತನಗೂ ಬಂದಿದೆಯೇ ಎಂದು. ಎಲ್ಲಕ್ಕೂ ನಾನು ನಗುತ್ತಿದ್ದೆ. ಈ ಕಪ್ಪಿನ ಸಂಗತಿಗೆ ನಗಬಾರದಿತ್ತೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಮುತ್ಯಾ ಒಂದು ಕಾಲದಲ್ಲಿ ಊರಿಗೇ ಹೆಸರಾದ ಹಲಗಿ ಬಾರಿಸುವವನಾಗಿದ್ದನಂತೆ. ಇದನ್ನು ಆಯಿ ಪಿಸುದನಿಯಲ್ಲಿ ಹೇಳುತ್ತಿದ್ದಳು. ಬಜಾರದ ದೊಡ್ಡ ಮನೆಗಳಲ್ಲಿ ಯಾರು ಸತ್ತರೂ, ಯಾರ ಮದುವೆಯಾದರೂ, ಡಂಗುರ ಸಾರಬೇಕಾದರೂ ನಮ್ಮ ಓಣಿಗೆ ಹೇಳಿ ಕಳಿಸುತ್ತಿದ್ದರು. ಕಾಲಿನ ಕೆರವನ್ನು ಓಣಿಯ ಬೇವಿನ ಮರದ ಕೆಳಗೆ ಬಿಟ್ಟು, ಬರಿಗಾಲಲ್ಲಿ ಹೋಗಿ, ಅವರ ಅಂಗಳದ ಹೊರಗೆ ನಿಂತು ಬಾರಿಸಬೇಕು. ನಮ್ಮ ಮಂದಿ ಬುದ್ಧನ ದಾರಿ ಹಿಡಿದ ವರ್ಷ ಓಣಿಯ ಹಿರಿಯರೆಲ್ಲ ವಿಹಾರದ ಮುಂದೆ ನಿಂತು, ಇನ್ನು ತೊಗಲಿನ ವಾದ್ಯ ಮುಟ್ಟುವುದಿಲ್ಲ, ಮಕ್ಕಳ ಕೈಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟರು. ಮುತ್ಯಾ ತನ್ನ ಹಲಗಿಯನ್ನು ಕುಡುಗೋಲಿನಿಂದ ಸೀಳಿ ಹಳ್ಳಕ್ಕೆ ಎಸೆದು ಬಂದ. ಆಮೇಲೆ ಕೂಲಿ ಮಾಡಿದ, ಕಲ್ಲು ಒಡೆದ, ಬಾಳೆತೋಟಗಳಲ್ಲಿ ನೀರು ಕಟ್ಟಿದ. ಬೆರಳು ಮಾತ್ರ ಯಾವುದರ ಮೇಲೂ ಆಡಿಸಲಿಲ್ಲ.

ಆದರೆ ಆ ಬೆರಳುಗಳು ಎಲ್ಲಿಗೆ ಹೋಗಬೇಕು? ನನ್ನ ಕೈಗೆ ಬಂದಿದ್ದವು. ಮನೆಯಲ್ಲಿ ಕಟ್ಟಿಹಾಕಿದ್ದನ್ನೆಲ್ಲ ನಾನು ಶಾಲೆಯ ಬೆಂಚಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಏಳನೆಯ ಇಯತ್ತೆಯಲ್ಲಿದ್ದಾಗ, ಮುಂಗಾರು ಹಿಡಿದುಕೊಂಡ ದಿನಗಳಲ್ಲಿ, ನಮ್ಮ ಶಾಲೆಗೆ ಡ್ರಮ್ ಸೆಟ್ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಶಾಲೆಯ ಸಮಿತಿಯ ಅಧ್ಯಕ್ಷರಾಗಿದ್ದ ಬಾಳೆಹಣ್ಣಿನ ಸಾವಕಾರರು ಕೊಡಿಸುವವರು. ದೊಡ್ಡ ಡ್ರಮ್ಮು ಒಂದು, ಕೊರಳಿಗೆ ಹಾಕಿಕೊಂಡು ಎರಡು ಕಡ್ಡಿಯಿಂದ ಬಾರಿಸುವ ಸಣ್ಣ ಡ್ರಮ್ಮು ಒಂದು, ಕಂಚಿನ ತಾಳ ಒಂದು ಜೋಡಿ. ಆಗಸ್ಟ್ ಹದಿನೈದರ ಪ್ರಭಾತ ಫೇರಿ ಈ ಸಲ ಡ್ರಮ್ಮಿನ ತಾಳಕ್ಕೆ ಬಜಾರದ ನಡುವೆ ಹೋಗಬೇಕು. ನಮ್ಮ ಪಿ.ಟಿ. ಸರ್ ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ದಿನಾ ಬಸ್ಸಿಗೆ ಓಡಾಡುವ ಹುಡುಗು ವಯಸ್ಸಿನ ಮನುಷ್ಯ. ಅವರು ನನ್ನ ಬೆಂಚಿನ ಸದ್ದು ಕೇಳಿ ಬೈಯುವ ಬದಲು ಒಂದು ಸಂಜೆ ನಮ್ಮ ಮನೆಗೇ ಬಂದುಬಿಟ್ಟರು, ನಗುತ್ತ ಬೇರೆ. ಮುತ್ಯಾನ ಮುಖ ಆಗಲೇ ಬಿಗಿದಿತ್ತು.

"ಮುತ್ಯಾ, ನಿಮ್ಮ ಮೊಮ್ಮಗಳ ತಾಳ ಭಾಳ ಗಟ್ಟಿ ಅದ ರೀ. ಸಣ್ಣ ಡ್ರಮ್ಮು ಈಕಿಗೇ ಕೊಡಬೇಕಂತ ಮಾಡೀನಿ" ಎಂದರು ಸರ್.

"ಸಾಲ್ಯಾಗ ಎಷ್ಟು ಹುಡುಗರು ಅದಾರ್ರಿ ಸರ?"

"ಮುನ್ನೂರರ ಮ್ಯಾಲ ಅದಾರ."

"ಮುನ್ನೂರು ಮಂದ್ಯಾಗ ಬಡಿಯಾಕ ನಮ್ಮ ಓಣಿ ಹುಡುಗೀನೇ ಸಿಕ್ಕಳೇನು? ಝಂಡಾ ಯಾರು ಹಿಡೀತಾರ?"

ಸರ್ ತಡವರಿಸಿದರು. "ಝಂಡಾ… ಸಾವಕಾರರ ಮಗ ಹಿಡೀತಾನ್ರಿ."

"ಹಾಂ" ಎಂದ ಮುತ್ಯಾ. ಆ ಒಂದು ಹಾಂ ಕೇಳಿ ನನ್ನ ಡ್ರಮ್ಮು ಮುಳುಗಿತೆಂದುಕೊಂಡೆ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಸರ್ ಚಹಾ ಕುಡಿದು ಏಳುವಾಗ ಮುತ್ಯಾ ಇದ್ದಕ್ಕಿದ್ದಂತೆ ಕೇಳಿದ.

"ಕಾಲಾಗ ಏನ ಹಾಕ್ಕೋತಾಳ?"

"ಬಿಳಿ ಬೂಟು ರೀ. ಸಾಲಿ ಡ್ರೆಸ್ಸು."

"ಬಜಾರದಾಗ ಹೋಗೋ ಮುಂದೂ?"

"ಬಜಾರದಾಗೂ ರೀ. ಝಂಡಾದ ಬೆನ್ನಿಗೇ ಈಕಿ, ಈಕಿ ಹಿಂದ ಇಡೀ ಸಾಲಿ. ಈಕಿ ಹೆಂಗ ಬಾರಸ್ತಾಳ ಹಂಗ ಎಲ್ಲಾರೂ ಕಾಲ ಎತ್ತಬೇಕು, ಝಂಡಾ ಹಿಡದಾಂವ ಸೈತ."

ಮುತ್ಯಾ ಎದ್ದು ನಿಂತ. "ಅದರಾಗ ತೊಗಲು ಇರಬಾರದು. ತೊಗಲು ಇದ್ರ ನಮ್ಮ ಹುಡುಗಿ ಮುಟ್ಟಂಗಿಲ್ಲ. ಖರೀದಿ ಮಾಡಾಕ ನಾನೂ ಬರ್ತೀನಿ" ಎಂದ. ಸರ್ ಒಪ್ಪಿದರು. ಅಂದಿನಿಂದ ನನ್ನ ಹಣೆಬರಹವೆಲ್ಲ ಒಂದು ಅಂಗಡಿಯಲ್ಲಿನ ಡ್ರಮ್ಮಿನ ಮುಖದ ಮೇಲೆ ನಿಂತಿತು.

ಮುಂದಿನ ಭಾನುವಾರ ನಾವು ಮೂವರು ಕಲಬುರಗಿಗೆ ಹೋದೆವು. ಮೋಡ ಕವಿದಿತ್ತು, ದಾರಿಯುದ್ದಕ್ಕೂ ತೊಗರಿ ಮೊಣಕಾಲೆತ್ತರ ಬಂದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸರ್ ಮಿರ್ಚಿ ಭಜಿ ಮತ್ತು ಮಂಡಕ್ಕಿಯ ಸೂಸಲಾ ಕೊಡಿಸಿದರು. ಮುತ್ಯಾ ಒಂದು ಭಜಿಯನ್ನು ಮುರಿದು ಒಳಗೆ ನೋಡಿ, ಮೂಸಿ, ನಂತರವೇ ನನ್ನ ಕೈಗೆ ಕೊಟ್ಟ. ಅಂಗಡಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಹೊಸ ಬಣ್ಣದ, ರೆಕ್ಸಿನ್ನಿನ, ಎಣ್ಣೆ ಹಚ್ಚಿದ ಕಬ್ಬಿಣದ ವಾಸನೆ. ಗೋಡೆ ತುಂಬ ಡ್ರಮ್ಮುಗಳು ಒಂದರ ಮೇಲೊಂದು ಕೂತಿದ್ದವು. ಅಂಥ ಚಂದದ ಜಾಗವನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ಆವ್ ಚಾಚಾ, ಬೈಠೋ" ಎಂದು ಅಂಗಡಿಯವನು ನಕ್ಕ. ಬಿಳಿ ಟೊಪ್ಪಿಗೆಯ, ದುಂಡು ಮುಖದ, ನಡುವಯಸ್ಸಿನವನು. ಪಾಪ, ಅವನಿಗೇನು ಗೊತ್ತು, ನಗಬಾರದೆಂದು. ಅವನು ಬಿಳಿ ಮುಖದ ಒಂದು ಸಣ್ಣ ಡ್ರಮ್ಮನ್ನು ಮುಂದಿಟ್ಟ. ಮುತ್ಯಾ ಅದನ್ನು ಮೂಸಿದ, ಉಗುರಿನಿಂದ ಗೀರಿದ, ಕಿವಿ ಹಚ್ಚಿದ.

"ಇದ್ಯಾತರದು?"

"ಪ್ಲಾಸ್ಟಿಕ್ ಅದ ಚಾಚಾ."

"ಪ್ಲಾಸ್ಟಿಕ್ ಇಷ್ಟು ಬೆಳ್ಳಗ, ಖರಖರ ಇರತದೇನು? ಆಡಿನ ತೊಗಲು ಹದಾ ಮಾಡಿದ್ರ ಹಿಂಗೇ ಕಾಣತದ."

"ಅರೇ, ಮ್ಯಾಲ ಲೇಪ ಹಚ್ಚಿರ್ತಾರ. ಖುದಾ ಕಸಮ್ ಚಾಚಾ, ಪ್ಲಾಸ್ಟಿಕ್ಕೇ."

"ಆಣಿ ಯಾಕ ಮಾಡ್ತಿ? ಖರೇ ಇದ್ದಾಂವಗ ಆಣಿ ಯಾಕ ಬೇಕು?"

ಅಂಗಡಿಯವನು ತಲೆ ಕೆರೆದುಕೊಂಡು ಒಳಗೆ ಹೋಗಿ ಇನ್ನೊಂದನ್ನು ತಂದ. ಅದರ ಮುಖ ಗಾಜಿನ ಹಾಗೆ, ಆಚೆಗಿನ ನನ್ನ ಕೈಬೆರಳು ಎಣಿಸುವಷ್ಟು ನಿಚ್ಚಳವಾಗಿ ಕಾಣುತ್ತಿತ್ತು. "ಇದು ತಗೊಳ್ರಿ, ಶಕ್ ಬೇಡ" ಎಂದ. ಸರ್ ಕೂಡ "ಇದೇ ಆಗಲಿ ಬಿಡ್ರಿ ಮುತ್ಯಾ, ಸಂಶಯಾನೇ ಇಲ್ಲ" ಎಂದರು. ನನಗೆ ಜೀವ ಬಂದಂತಾಯಿತು. ಇದರಲ್ಲಿ ತೊಗಲು ಎಂದು ದೇವರೂ ಹೇಳಲಾರ.

ಮುತ್ಯಾ ಬಾಗಿಲಿಗೆ ಹೋಗಿ, ನಮಗೆ ಬೆನ್ನು ಮಾಡಿ ಗಲ್ಲಿ ನೋಡುತ್ತ ನಿಂತ. "ಎರಡೂ ಬಾರಸು" ಎಂದ ನನಗೆ. ಮುತ್ಯಾನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಗಾಜಿನಂಥದ್ದನ್ನು ಬಾರಿಸಿದೆ, ಬಿಳಿಯದನ್ನು ಬಾರಿಸಿದೆ. ಅಂಗಡಿಯವನು ಅದೇ ಬಗೆಯ ಇನ್ನೊಂದು ಬಿಳಿಯದನ್ನೂ ಕೊಟ್ಟ, ಅದನ್ನೂ ಬಾರಿಸಿದೆ.

"ಕಾಜಿಂದು ಬ್ಯಾಡ" ಎಂದ ಮುತ್ಯಾ, ತಿರುಗದೆ. "ದನಿ ಬರೇ ಮ್ಯಾಲ ಹಾರಾಡತದ, ಒಳಗಿಂದ ಬರಂಗಿಲ್ಲ. ಕಡೀದರ ಸುತ್ತಿನ ಬಳಿ ಎಲ್ಲೋ ಸಡಲ ಅದ. ನಡುವಿಂದು ಇರಲಿ."

ಅಂಗಡಿಯವನು ಕೊನೆಯದನ್ನು ತಿರುಗಿಸಿ ತಿರುಗಿಸಿ ನೋಡಿದ. ಸುತ್ತಲಿನ ಬಳೆಯ ಒಂದು ತಿರುಪು ನಿಜಕ್ಕೂ ಸಡಿಲವಿತ್ತು. ನನಗೆ ಅದು ಬೇಕಾಗಿರಲಿಲ್ಲ, ನನ್ನ ಭಯವೇ ಬೇರೆಯಿತ್ತು. "ಮತ್ತ ಬಿಳೇದರಾಗ ತೊಗಲು ಅದ ಅಂದಿದ್ದ್ಯಲ್ಲ ಮುತ್ಯಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮುತ್ಯಾ ಈಗ ತಿರುಗಿದ. ಅಂಗಡಿಯವನ ಮುಖವನ್ನೊಮ್ಮೆ, ಡ್ರಮ್ಮನ್ನೊಮ್ಮೆ ನೋಡಿ, "ಪ್ಲಾಸ್ಟಿಕ್ ಅಂತ ಆಣಿ ಮಾಡ್ಯಾನಲ್ಲ, ಆತು" ಎಂದ. ಡಾಕ್ಟರ ಗುಳಿಗೆಯನ್ನು ನಂಬದ ಮನುಷ್ಯ ಒಂದು ಆಣೆಯನ್ನು ಹೀಗೆ ಪೂರ್ತಿ ನುಂಗಿದ್ದು ನೋಡಿ ನಾನು ಅಲ್ಲೇ ಸಂಶಯಪಡಬೇಕಿತ್ತು. ಖುಷಿಯಲ್ಲಿ ಪಡಲಿಲ್ಲ.

ಅಂಗಡಿಯವನು ಎಲ್ಲರಿಗೂ ಒಂದೇ ಥರದ ಗ್ಲಾಸುಗಳಲ್ಲಿ ಚಹಾ ತರಿಸಿದ. ಮುತ್ಯಾ ನಾಲ್ಕೂ ಗ್ಲಾಸು ನೋಡಿದ ಮೇಲೆ ತನ್ನದನ್ನು ಎತ್ತಿಕೊಂಡ. "ಚಾಚಾ, ಆಪ್ ಬಜಾತೇ ಥೇ ಕ್ಯಾ? ಮೊದಲ ಬಾರಸ್ತಿದ್ರೇನು?" ಎಂದು ಅವನು ಕೇಳಿದಾಗ ಮುತ್ಯಾ, "ಇಲ್ಲಪ್ಪ. ನಾ ಕೂಲಿ ಮಾಡಿದಾಂವ" ಎಂದ. ಮುತ್ಯಾ ಸುಳ್ಳು ಹೇಳಿದ್ದನ್ನು ಅಂದು ನಾನು ಕಣ್ಣಾರೆ ಕಂಡೆ.

ಅಲ್ಲಿಂದ ಆಗಸ್ಟ್ ಹದಿನಾಲ್ಕರ ತನಕ ನಾನು ನೆಲದ ಮೇಲೆ ನಡೆದದ್ದು ನೆನಪಿಲ್ಲ. ದಿನಾ ಸಂಜೆ ಮೈದಾನದಲ್ಲಿ ತಾಲೀಮು. ಒದ್ದೆ ಮಣ್ಣು, ಒದ್ದೆ ಡ್ರೆಸ್ಸು, ಕೊರಳಿಗೆ ಬಿಗಿಯುವ ಪಟ್ಟಿ. ಗೆಳತಿಯರು ಕಲ್ಲಾಟಕ್ಕೆ ಕರೆದರೂ ಹೋಗಲಿಲ್ಲ. ಈ ಸುಖದಲ್ಲಿ ಒಂದೇ ಮುಳ್ಳೆಂದರೆ ಮುತ್ಯಾ. ದಿನಾ ಆ ಹೊತ್ತಿಗೆ ಸರಿಯಾಗಿ ಶಾಲೆಯ ಕಂಪೌಂಡಿನಾಚೆ ಸುಳಿದಾಡುತ್ತಿದ್ದ. ಕೇಳಿದರೆ, "ಎಮ್ಮಿ ಈ ಕಡಿ ಬಂದದೇನಂತ ನೋಡಾಕತ್ತೀನಿ" ಎಂದ. ನಮಗೆ ಎಮ್ಮೆಯೇ ಇರಲಿಲ್ಲ. ಮನಸ್ಸು ಬದಲಾಗಿದೆ, ಏನೋ ನೆಪ ತೆಗೆದು ಡ್ರಮ್ಮು ಬಿಡಿಸಲು ಹೊಂಚು ಹಾಕಿದ್ದಾನೆ ಎಂದು ನಾನು ತೀರ್ಮಾನಿಸಿಕೊಂಡೆ. ಸಂಶಯ ನಮ್ಮ ಮನೆತನದ ಆಸ್ತಿ, ನನಗೂ ಪಾಲು ಬಂದಿತ್ತು.

ಹದಿನಾಲ್ಕರಂದು ಜೋರು ಮಳೆ. ಡ್ರಮ್ಮು ಇಡುವ ಕೋಣೆ ಸೋರಲು ಹತ್ತಿತು. ಸರ್ ಸಣ್ಣ ಡ್ರಮ್ಮನ್ನು ಗೋಣಿಚೀಲದಲ್ಲಿ ಸುತ್ತಿ, "ಮನಿಗೆ ಒಯ್ಯವ್ವಾ, ಮುಂಜಾನಿ ತಗೊಂಡು ಬಾ" ಎಂದು ನನ್ನ ಕೈಗೇ ಕೊಟ್ಟರು. ಮನೆಯಲ್ಲಿ ಮುತ್ಯಾ, "ಮೂಲ್ಯಾಗ ಇಡು. ಬಾರಸಬ್ಯಾಡ" ಎಂದಷ್ಟೇ ಹೇಳಿ, ತಾನು ಹೊದೆಯುವ ಕೌದಿಯನ್ನು ಅದರ ಮೇಲೆ ಹೊದಿಸಿದ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಕೆಟ್ಟ ವಾಸನೆ. ಕೌದಿ ಮಡಿಚಿಟ್ಟಿತ್ತು, ಡ್ರಮ್ಮು ಇರಲಿಲ್ಲ. ಹಿತ್ತಲಿಗೆ ಓಡಿದೆ. ನೀರು ಕಾಯಿಸುವ ಒಲೆಯಲ್ಲಿ ಕೆಂಡ ಇತ್ತು, ಪಕ್ಕದಲ್ಲಿ ಒರಳುಕಲ್ಲಿಗೆ ಆನಿಸಿ ಡ್ರಮ್ಮು ನಿಲ್ಲಿಸಿತ್ತು. ಅದರ ಬಿಳಿ ಮುಖ ಸುರುಟಿಕೊಂಡು, ನಡುವೆ ನಿಂಬೆಹಣ್ಣು ಹಿಡಿಯುವಷ್ಟು ತೂತು ಬಿದ್ದಿತ್ತು. ಆಯಿ ನೀರಿಗೆ ಹೋಗಿದ್ದಳು. ಮುತ್ಯಾ ಮನೆಯಲ್ಲಿರಲಿಲ್ಲ. ಕೇಳಲು ಯಾರೂ ಇರಲಿಲ್ಲ, ನನಗೆ ಕೇಳುವುದು ಬೇಕಾಗಿಯೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಬಿಳಿ ಬೂಟು ಹಾಕಿಕೊಂಡು, ಸುಟ್ಟ ಡ್ರಮ್ಮನ್ನು ಎದೆಗೆ ಅವಚಿಕೊಂಡು ಶಾಲೆಗೆ ಓಡಿದೆ.

ಇಡೀ ಶಾಲೆ ಸಾಲಾಗಿ ನಿಂತಿತ್ತು. ಸಾವಕಾರರು ಖಾದಿ ಹಾಕಿಕೊಂಡು ಬಂದಿದ್ದರು. ಸರ್ ಡ್ರಮ್ಮು ನೋಡಿ ದಂಗಾಗಿ, "ಯಾರು ಮಾಡ್ಯಾರವ್ವ ಇದನ್ನ?" ಎಂದರು.

"ನಮ್ಮ ಮುತ್ಯಾ ಸುಟ್ಟಾನ್ರಿ! ನಾ ಬಾರಸಬಾರದಂತ ಸುಟ್ಟಾನ!" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮೈದಾನದ ಕೊನೆಯ ಸಾಲಿಗೂ ಕೇಳಿಸಿತು.

"ಇಂಥವರ ಮನಿಗೆ ಯಾಕ ಕೊಟ್ಟು ಕಳಿಸಿದ್ರಿ ಮಾಸ್ತರ?" ಎಂದರು ಸಾವಕಾರರು. ಆಗ ಗೇಟಿನ ಕಡೆ ನೋಡಿದೆ. ಮುತ್ಯಾ ನಿಂತಿದ್ದ. ಒಗೆದ ಧೋತರ, ಬಿಳಿ ಅಂಗಿ, ಕಾಲಲ್ಲಿ ಹೊಸ ಚಪ್ಪಲಿ. ನನ್ನ ಮಾತನ್ನೂ ಕೇಳಿದ್ದ, ಸಾವಕಾರರ ಮಾತನ್ನೂ ಕೇಳಿದ್ದ. ತಿರುಗಿ ಹೋದ.

ಫೇರಿ ಬರೀ ದೊಡ್ಡ ಡ್ರಮ್ಮಿನ ಸದ್ದಿಗೆ ಕುಂಟುತ್ತ ಬಜಾರ ದಾಟಿತು. ನಾನು ಕೊನೆಯ ಸಾಲಿನಲ್ಲಿ ನಡೆದೆ. ಕೊಟ್ಟ ಬೂಂದಿಯನ್ನು ತಿನ್ನದೆ ಕೈಯಲ್ಲೇ ಹಿಂಡಿದೆ.

ನಾಲ್ಕು ದಿನ ಮುತ್ಯಾನ ಜೊತೆ ಮಾತು ಬಿಟ್ಟೆ. ಐದನೆಯ ದಿನ ರೊಟ್ಟಿ ಬಡಿಯುತ್ತಿದ್ದ ಆಯಿಗೆ ತಡೆಯಲಾಗಲಿಲ್ಲ.

"ಅಂವ ಸುಟ್ಟಿಲ್ಲ ಗೌತಮಿ. ಕಾಯಿಸ್ಯಾನ."

"ಅಂದ್ರ?"

"ಮಳಿ ದಿನದಾಗ ತೊಗಲು ಸಡಲ ಆಗತದ. ಬೆಂಕಿ ಮುಂದ ಹಿಡಿದು ಕಾಯಿಸಿದ್ರ ಬಿಗಿ ಬರತದ. ಕಾಯಿಸದ ಹಲಗಿ ಯಾರೂ ಬಾರಸಂಗಿಲ್ಲ. ನಸಕಿನ್ಯಾಗ ಎದ್ದು ಅದರ ಮ್ಯಾಲ ಬೆರಳ ಇಟ್ಟು ನೋಡ್ದ. 'ಥಂಡಿಗೆ ದನಿ ಕುಂತದ, ಬಜಾರದಾಗ ಹುಡುಗಿ ಮರ್ಯಾದಿ ಹೋಗತದ' ಅಂದ. ಕೆಂಡಕ್ಕ ಹಿಡಿದ. ಮುಂದ ಹಿಂಗಾತು. ಸರಗ ಹೇಳಬೇಕಂತ ಪಹಿಲೇ ಬಸ್ಸಿಗೆ ಕಾಯಾಕ ಹೋಗಿದ್ದ. ಸರ ಆವತ್ತ ಗಾಡಿ ಮ್ಯಾಲ ಬಂದಾರ."

"ಅದು ಪ್ಲಾಸ್ಟಿಕ್ ಅಂತ ಅಂಗಡ್ಯಾಂವ ಹೇಳಿದ್ನಲ್ಲ ಆಯಿ!"

"ಅಂಗಡ್ಯಾಂವನ ಮಾತು ನಿಮ್ಮ ಮುತ್ಯಾ ಯಾವತ್ತ ನಂಬ್ಯಾನ?"

ಮುತ್ಯಾ ಅದನ್ನು ಮೊದಲಿನಿಂದಲೂ ತೊಗಲೆಂದೇ ತಿಳಿದಿದ್ದ. ತೊಗಲೆಂದು ತಿಳಿದೂ, ದನಿ ಚಂದ ಇದೆಯೆಂದು, ನನಗಾಗಿ ಅದನ್ನೇ ಆರಿಸಿದ್ದ. ವಿಹಾರದ ಮುಂದೆ ಕೊಟ್ಟ ಮಾತನ್ನು ಮುರಿದು ಅದನ್ನು ಮನೆಯೊಳಗೆ ಬಿಟ್ಟುಕೊಂಡಿದ್ದ, ತನ್ನ ಕೌದಿ ಹೊದಿಸಿದ್ದ, ಅಷ್ಟು ವರ್ಷಗಳ ಮೇಲೆ ಬೆರಳಿಟ್ಟಿದ್ದ. ಇದನ್ನೆಲ್ಲ ಯಾರಿಗೂ ಹೇಳುವಂತಿರಲಿಲ್ಲ. ಅದಕ್ಕೇ ನನ್ನ ಕೂಗಿಗೆ ಉತ್ತರ ಕೊಡದೆ ಹೋದ.

ಹಿತ್ತಲಲ್ಲಿ ಅವನು ಹಗ್ಗ ಹೊಸೆಯುತ್ತ ಕೂತಿದ್ದ. "ತಪ್ಪಾತು ಮುತ್ಯಾ" ಎಂದು ಅಳುತ್ತ ಪಕ್ಕದಲ್ಲಿ ಕೂತೆ. ಅವನು ಹೊಸೆಯುವುದನ್ನು ನಿಲ್ಲಿಸಿದ.

"ಅಂಗಡ್ಯಾಂವ ಖರೇ ಹೇಳಿದ್ದ" ಎಂದ. "ಜಲಮದಾಗ ಒಬ್ಬಾಂವ ನಕ್ಕೋತ ಬಂದು ಖರೇ ಹೇಳ್ದ. ಅವನ್ನೂ ನಂಬಲಿಲ್ಲ ನೋಡು." ನನ್ನ ಕಾಲು ನೋಡಿ ಕೇಳಿದ, "ಬೂಟು ಹಾಕ್ಕೊಂಡೇ ಹೋದ್ಯಲ್ಲ ಬಜಾರದಾಗ?"

"ಹೋದೆ."

"ಯಾರರ ಏನರ ಅಂದರೇನು?"

"ಇಲ್ಲ ಮುತ್ಯಾ."

"ಆತು ಮತ್ತ" ಎಂದು ಹಗ್ಗ ಹೊಸೆಯತೊಡಗಿದ.

ಕಲಬುರಗಿಯಿಂದ ಹೊಸ ಮುಖ ತರಿಸಿ ಡ್ರಮ್ಮು ಸರಿಮಾಡಿದರು. ಆದರೆ ಸಾವಕಾರರು ಅಂದು ಆಡಿದ ಮಾತೇ ಉಳಿದುಬಿಟ್ಟಿತ್ತು. ಜನವರಿ ಇಪ್ಪತ್ತಾರಕ್ಕೆ ಅದನ್ನು ಬೇರೆ ಹುಡುಗಿ ಬಾರಿಸಿದಳು. ಸೋಮವಾರದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಜ ಹೇಳಿಬಿಡಬೇಕೆಂದು ಎಷ್ಟೋ ಸೋಮವಾರ ಮನಸ್ಸು ಮಾಡಿದೆ. ಹೇಳಿದರೆ ಹಲಗಿಯ ಮಾತು ಬರುತ್ತದೆ, ಬಂದರೆ ಹುಡುಗಿಯರು ನಗುತ್ತಾರೆ ಎಂದು ನಾಚಿಕೆ. ಒಂದು ಸೋಮವಾರವೂ ಹೇಳಲಿಲ್ಲ. ನಾನು ಬಜಾರದಲ್ಲಿ ಬಾರಿಸುವುದನ್ನು ನೋಡದೆಯೇ ಮುತ್ಯಾ ತೀರಿಕೊಂಡ.

ಈಗ ನಾನು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಹಲಗಿ ಬಿಟ್ಟದ್ದಕ್ಕೆ ನನಗೆ ದುಃಖವಿಲ್ಲ, ಬಿಡಲೇಬೇಕಿತ್ತು. ಆದರೆ ಆ ಕಿವಿ, ಬೆನ್ನು ಮಾಡಿ ನಿಂತು ಸಡಿಲ ತಿರುಪನ್ನು ಹಿಡಿದ ಆ ಕಿವಿ, ಅದನ್ನಾದರೂ ಅವನು ಇರುವಾಗ ಕೇಳಿ ಕಲಿಯಬಹುದಿತ್ತು. ಸಾವಿಗೊಂದು, ಮದುವೆಗೊಂದು, ಡಂಗುರಕ್ಕೊಂದು ಎಂದು ಅವನ ಕೈಯಲ್ಲಿ ಎಷ್ಟು ಪೆಟ್ಟುಗಳಿದ್ದವೋ, ನನಗೆ ಒಂದೂ ಗೊತ್ತಿಲ್ಲ. ಕಮಲಾಪುರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನವರು ಯಾರಾದರೂ ಗುರುತು ಹಿಡಿಯುತ್ತಾರೆ. "ಡ್ರಮ್ಮು ಸುಟ್ಟ ಮುತ್ಯಾನ ಮೊಮ್ಮಗಳಲ್ಲ ನೀ?" ಎನ್ನುತ್ತಾರೆ. ನಾನು ಚೀಲ ಕೆಳಗಿಟ್ಟು ಮೊದಲಿನಿಂದ ಹೇಳುತ್ತೇನೆ. ಅವನು ಸುಟ್ಟದ್ದಲ್ಲ, ಮಳೆಗೆ ದನಿ ಕುಂತಿತ್ತು, ನಾನು ಬಜಾರದಲ್ಲಿ ಚಂದ ಬಾರಿಸಲೆಂದು ಕಾಯಿಸಿದ್ದ ಎನ್ನುತ್ತೇನೆ. ಅವರು "ಹೌದೇನವ್ವ?" ಎಂದು ತಲೆಯಾಡಿಸುತ್ತಾರೆ. ಒಬ್ಬರೂ ನಂಬುವುದಿಲ್ಲ.